ಸಲಿಕೆತಲೆಯ ಒಂಟಿ ವಂಶ: ಫ್ಲಾರಿಡಾದ ಹುಳುಹಲ್ಲಿ

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಮರಳುಮಣ್ಣಿನ ಹೊಲ ಉಳುವಾಗ, ಇಲ್ಲವೇ ಜಡಿಮಳೆಗೆ ನೆಲವೆಲ್ಲ ನೆನೆದು ಬಿಲಗಳಿಗೆ ನೀರು ನುಗ್ಗಿದಾಗ, ಗುಲಾಬಿ ಬಣ್ಣದ ಒಂದು ಜೀವಿ ಮೇಲೆ ಬರುತ್ತದೆ. ಮೊದಲ ನೋಟಕ್ಕೆ ಅದು ದಪ್ಪ ಎರೆಹುಳು. ಮೈಯುದ್ದಕ್ಕೂ ಉಂಗುರಗಳು, ಕಾಲಿಲ್ಲ, ಹೊರಕಿವಿಯ ತೂತಿಲ್ಲ. ಆದರೆ ಒಳಗೆ ಬೆನ್ನೆಲುಬಿದೆ, ಬಾಯಲ್ಲಿ ಹಲ್ಲುಗಳಿವೆ, ಮೈಮೇಲೆ ಸರೀಸೃಪಗಳ ಹುರುಪೆಯಿದೆ. ಇದು ರೈನ್ಯೂರಾ ಫ್ಲಾರಿಡಾನಾ ಎಂಬ ಹುಳುಹಲ್ಲಿ. ಜಗತ್ತಿನಲ್ಲಿ ಸುಮಾರು 200 ಪ್ರಭೇದದ ಹುಳುಹಲ್ಲಿಗಳಿವೆ. ಭಾರತದಲ್ಲಿ ಒಂದೂ ಇಲ್ಲ. ನಮ್ಮ ಮಲೆನಾಡಿನ ತೋಟಗಳಲ್ಲಿ ಅಗೆಯುವಾಗ ಸಿಗುವ, ನೋಡಲು ಹೀಗೆಯೇ ಹುಳುವಿನಂತಿರುವ ಸಿಸಿಲಿಯನ್ ಕಪ್ಪೆಯ ಬಳಗಕ್ಕೆ ಸೇರಿದ ಉಭಯಚರ. ಹೂಕುಂಡದಡಿಯ ಕುರುಡುಹಾವು ನಿಜವಾದ ಹಾವು.

ಹುಳುಹಲ್ಲಿಗಳನ್ನು ಎಲ್ಲಿಗೆ ಸೇರಿಸಬೇಕು ಎಂಬ ಪ್ರಶ್ನೆ ಹಳೆಯದು. 1758ರಲ್ಲಿ ಲಿನೇಯಸ್ ದಕ್ಷಿಣ ಅಮೆರಿಕದ ಎರಡು ಪ್ರಭೇದಗಳಿಗೆ ಹೆಸರಿಟ್ಟು ಹಾವುಗಳ ಸಾಲಿನಲ್ಲಿ ಕೂರಿಸಿದ. ಅದಾಗಿ ನೂರು ವರ್ಷಕ್ಕೆ, 1858ರಲ್ಲಿ, ಸ್ಮಿತ್ಸೋನಿಯನ್ ಸಂಸ್ಥೆಯ ಸ್ಪೆನ್ಸರ್ ಬೇರ್ಡ್ ಫ್ಲಾರಿಡಾದ ಪ್ರಾಣಿಯನ್ನು ವಿವರಿಸಿದ. ಅದರ ಮೂತಿ ಸಲಿಕೆಯ ಹಾಗೆ ಚಪ್ಪಟೆಯಾಗಿದ್ದುದರಿಂದ ದಕ್ಷಿಣ ಅಮೆರಿಕದ ಸಲಿಕೆತಲೆಯ ಕುಲಕ್ಕೇ ಅದನ್ನು ಸೇರಿಸಿದ. 1861ರಲ್ಲಿ ಎಡ್ವರ್ಡ್ ಕೋಪ್ ಅದಕ್ಕಾಗಿಯೇ ರೈನ್ಯೂರಾ ಎಂಬ ಕುಲ ಸ್ಥಾಪಿಸಿದ. 1951ರಲ್ಲಿ ಬ್ರೆಜಿಲ್‌ನ ವಾನ್ಜೊಲಿನಿ ಪ್ರತ್ಯೇಕ ಕುಟುಂಬವನ್ನೇ ಕೊಟ್ಟರು. ಕುಲ ಬೇರೆಯಾಯಿತು, ಕುಟುಂಬವೂ ಬೇರೆಯಾಯಿತು. ತಲೆಯ ಆಕಾರವೇ ನೆಂಟಸ್ತಿಕೆಯ ಗುರುತು ಎಂಬ ನಂಬಿಕೆ ಮಾತ್ರ ಇನ್ನೂ ಅರ್ಧ ಶತಮಾನ ಅಲುಗಲಿಲ್ಲ.

ಆ ತಲೆ ಮಾಡುವ ಕೆಲಸ ನೋಡಿದರೆ ಈ ನಂಬಿಕೆ ಏಕೆ ಗಟ್ಟಿಯಾಗಿತ್ತು ಎಂಬುದು ತಿಳಿಯುತ್ತದೆ. ಹುಳುಹಲ್ಲಿಗಳ ಅಧ್ಯಯನಕ್ಕೆ ಬದುಕಿನ ಬಹುಪಾಲು ಕೊಟ್ಟ ಕಾರ್ಲ್ ಗ್ಯಾನ್ಸ್ ಸಲಿಕೆತಲೆಗಳು ಬಿಲ ಕೊರೆಯುವ ಕ್ರಮವನ್ನು ವಿವರಿಸಿದ್ದಾರೆ. ಪ್ರಾಣಿ ಮೂತಿಯನ್ನು ಮಣ್ಣಿಗೆ ಚುಚ್ಚಿ, ತಲೆಯನ್ನು ಮೇಲಕ್ಕೆತ್ತಿ, ಮಣ್ಣನ್ನು ಬಿಲದ ಚಾವಣಿಗೆ ಒತ್ತುತ್ತದೆ, ಗಾರೆಯವನು ಕರಣೆಯಿಂದ ಗಾರೆ ಒತ್ತಿ ಕೂರಿಸಿದಂತೆ. ಮತ್ತೆ ಚುಚ್ಚು, ಮತ್ತೆ ಎತ್ತು. ಕೆಳದವಡೆ ಒಳಕ್ಕೆ ಸರಿದಿರುವುದರಿಂದ ಬಾಯಿಗೆ ಮಣ್ಣು ಹೋಗುವುದಿಲ್ಲ. ಚರ್ಮ ಮೈಗೆ ಸಡಿಲವಾಗಿ ಅಂಟಿದೆ. ಉಂಗುರಗಳು ಬಿಲದ ಗೋಡೆಯನ್ನು ಹಿಡಿದು ನಿಂತಾಗ ಒಳಗಿನ ದೇಹ ಮುಂದಕ್ಕೆ ಜಾರುತ್ತದೆ. ಗಿಡ್ಡ ಬಾಲದ ಮೇಲ್ಭಾಗ ಚಪ್ಪಟೆ, ಗಂಟುಗಂಟು. ಮೇಲ್ದವಡೆಯ ನಟ್ಟನಡುವೆ ಒಂಟಿ ಹಲ್ಲು. ಹಾವುಗಳಲ್ಲಿ ಎಡ ಶ್ವಾಸಕೋಶ ಕುಗ್ಗಿದ್ದರೆ ಹುಳುಹಲ್ಲಿಗಳಲ್ಲಿ ಬಲದ್ದು ಕುಗ್ಗಿದೆ. ಕಾಲು ಕಳೆದುಕೊಳ್ಳುವ ದಾರಿಯನ್ನು ಎರಡೂ ಬೇರೆ ಬೇರೆಯಾಗಿ ಹಿಡಿದವು ಎನ್ನಲು ಇದೊಂದು ಸುಳಿವು. ರೈನ್ಯೂರಾದ ಚರ್ಮದಡಿ ಹೂತುಹೋದ ಕಣ್ಣನ್ನು ಕಾರ್ಲ್ ಐಗೆನ್‌ಮನ್ 1902ರಷ್ಟು ಹಿಂದೆಯೇ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ್ದರು. ಎರೆಹುಳು, ಜೇಡ, ಗೆದ್ದಲು ಇದರ ಆಹಾರ. ಇದನ್ನು ಹಿಡಿದು ತಿನ್ನುವವುಗಳಲ್ಲಿ ಹವಳದ ಹಾವೂ ಒಂದು.

2004ರಲ್ಲಿ ಲೆಕ್ಕ ತಲೆಕೆಳಗಾಯಿತು. ಮೆಕ್ಸಿಕೊದ ಬೈಪೆಸ್ ಎಂಬ ಹುಳುಹಲ್ಲಿಗೆ ಮುಂಗಾಲುಗಳಿವೆ. ಕಾಲಿರುವುದೇ ಎಲ್ಲಕ್ಕಿಂತ ಹಳೆಯ ಕವಲು, ಸಲಿಕೆತಲೆಗಳೆಲ್ಲ ಆಮೇಲೆ ಬಂದ ಒಂದೇ ಬಳಗ ಎಂಬುದು ಎಲುಬಿನ ರಚನೆ ಹೇಳುತ್ತಿದ್ದ ಕಥೆ. ಮೊರೀನ್ ಕರ್ನಿ 2003ರಲ್ಲಿ ಜೀವಂತ ಪ್ರಭೇದಗಳನ್ನೂ ಪಳೆಯುಳಿಕೆಗಳನ್ನೂ ಒಟ್ಟಿಗೆ ಇಟ್ಟು ಈ ಬಗೆಯ ರಚನೆಯನ್ನು ವಿಸ್ತಾರವಾಗಿ ಪರಿಶೀಲಿಸಿದ್ದರು. ಮರುವರ್ಷ ಅವರೇ ಬ್ರಯನ್ ಸ್ಟುವರ್ಟ್ ಜೊತೆಗೂಡಿ ಸಂಗ್ರಹಾಲಯಗಳ ಹಳೆಯ ಎಲುಬುಗಳಿಂದ ಡಿಎನ್‌ಎ ತೆಗೆದರು. ಅದರಲ್ಲಿ ಬುಡದ ಕವಲಾಗಿ ನಿಂತದ್ದು ಕಾಲಿಲ್ಲದ ರೈನ್ಯೂರಾ! ಕಾಲುಳ್ಳ ಬೈಪೆಸ್ ಒಳಗಿನ ಕವಲಿಗೆ ಹೋಯಿತು. ಅಂದರೆ ಕಾಲು ಒಂದಕ್ಕಿಂತ ಹೆಚ್ಚು ಸಲ ಕಳೆದಿದೆ. ಸಲಿಕೆತಲೆಯೂ ಬೇರೆ ಬೇರೆ ಕಡೆ ಮತ್ತೆ ಮತ್ತೆ ಮೂಡಿದೆ. ಒಂದೇ ಬಗೆಯ ಮಣ್ಣಿನ ಕೆಲಸ ಒಂದೇ ಬಗೆಯ ತಲೆಯನ್ನು ರೂಪಿಸಿದೆ. ತಮ್ಮದೇ ಹಿಂದಿನ ಕೆಲಸವನ್ನು ಹೊಸ ಸಾಕ್ಷ್ಯದ ಮುಂದೆ ಇಟ್ಟು ನೋಡಿದ ಈ ಎದೆಗಾರಿಕೆಯನ್ನು ನಾನು ಬಹಳ ಮೆಚ್ಚುತ್ತೇನೆ.

ಪಳೆಯುಳಿಕೆಗಳೂ ಈ ವಂಶ ಪುರಾತನವೆಂದೇ ಹೇಳುತ್ತವೆ. ರೈನ್ಯೂರಾದ ಬಂಧುಗಳ ಹಳೆಯ ತಲೆಬುರುಡೆಗಳು ಸಿಗುವುದು ಫ್ಲಾರಿಡಾದಿಂದ ಬಹುದೂರ, ವಯೋಮಿಂಗ್, ದಕ್ಷಿಣ ಡಕೋಟಾ, ನೆಬ್ರಾಸ್ಕಾಗಳ ಒಣ ಬಯಲಿನಲ್ಲಿ. 1893ರಲ್ಲಿ ಗಿಯೋರ್ಗ್ ಬೌರ್ ಅವುಗಳಲ್ಲೊಂದನ್ನು ವಿವರಿಸಿದ. 2005ರಲ್ಲಿ ಅದೇ ಪ್ರಭೇದದ ತಲೆಬುರುಡೆಯನ್ನು ಎಕ್ಸ್‌ರೇ ಸ್ಕ್ಯಾನ್ ಮಾಡಿ ಒಳಗಿನ ಎಲುಬು ಎಲುಬನ್ನೂ ಬಿಡಿಸಿ ನೋಡಲಾಯಿತು. ಒಂದು ಕಾಲಕ್ಕೆ ಹಲವು ಪ್ರಭೇದಗಳಿದ್ದ ಈ ಕುಟುಂಬ, ಖಂಡದ ನಡುಭಾಗ ತಂಪಾಗಿ ಒಣಗುತ್ತ ಹೋದಂತೆ ಅಲ್ಲಿಂದ ಅಳಿಯಿತು. ಉಳಿದದ್ದು ಈ ಒಂದೇ.

ಆದರೆ ಒಂದು ಎನ್ನುವುದಕ್ಕೂ ತಿದ್ದುಪಡಿ ಬಂದಿದೆ. 2005ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ಫ್ಲಾರಿಡಾದೊಳಗೇ ಉತ್ತರದ್ದೊಂದು, ದಕ್ಷಿಣದ್ದೊಂದು ಕವಲನ್ನು ಗುರುತಿಸಿತು. ನೆಲದಡಿಯಲ್ಲಿ ತೆವಳುವ ಜೀವಿ ನದಿ, ಜೌಗು ದಾಟಿ ದೂರ ಹೋಗಲಾರದು. ಹೀಗಾಗಿ ಒಂದೊಂದು ಮರಳುದಿಬ್ಬದ ಸಂತತಿಗೂ ತನ್ನದೇ ಇತಿಹಾಸವಿದೆ. ಹೂಕುಂಡದ ಮಣ್ಣಿನ ಜೊತೆ ಸಾಗಿ ಫ್ಲಾರಿಡಾದಲ್ಲಿ ನೆಲೆಯೂರಿರುವ ನಮ್ಮ ಕುರುಡುಹಾವಿನಂತೆ ಇದು ಹೋದಲ್ಲೆಲ್ಲ ಬದುಕುವ ಪ್ರಾಣಿಯಲ್ಲ. ಮಧ್ಯ ಫ್ಲಾರಿಡಾದ ಲೇಕ್ ವೇಲ್ಸ್ ದಿಬ್ಬದ ಕುರುಚಲು ಕಾಡು ಬಹುಪಾಲು ಕಿತ್ತಳೆ ತೋಟಗಳಿಗೆ, ಬಡಾವಣೆಗಳಿಗೆ ಹೋಗಿದೆ. ಇಡೀ ಪ್ರಭೇದವನ್ನು ಒಂದೇ ಎಂದು ಎಣಿಸಿ ಅಪಾಯವಿಲ್ಲ ಎನ್ನುವುದು ಸಾಲದು. ಉತ್ತರದ ಕವಲು ಉಳಿದಿದೆ ಎಂದು ದಕ್ಷಿಣದ ಮರಳನ್ನು ಬಿಟ್ಟುಕೊಡಬಾರದು. ಎರಡನ್ನೂ ಬೇರೆ ಬೇರೆಯಾಗಿಯೇ ಕಾಯಬೇಕು.