ಹಳೆಯ ಗೇಮ್ ಬಾಯ್‌ನಲ್ಲಿ ಹಾಡು ಕಟ್ಟಬಹುದೇ?

ಹೌದು, ಇದು ನಿಜ. 1989ರಲ್ಲಿ ನಿಂಟೆಂಡೊ ತಂದ ಗೇಮ್ ಬಾಯ್‌ನ ಸಂಗೀತ ಮೊದಲೇ ರೆಕಾರ್ಡ್ ಮಾಡಿದ್ದಲ್ಲ. ಒಳಗಿನ ಚಿಪ್ ಆ ಕ್ಷಣದಲ್ಲೇ ಸದ್ದು ಹುಟ್ಟಿಸುತ್ತದೆ. ಅದಕ್ಕೆ ನಾಲ್ಕು ಚಾನೆಲ್‌ಗಳು: ಎರಡು ಚೌಕ ತರಂಗಕ್ಕೆ, ಒಂದು ನಾವೇ ಆಕಾರ ಕೊಡುವ ತರಂಗಕ್ಕೆ, ಇನ್ನೊಂದು ಡ್ರಮ್ಮಿನಂಥ ಸದ್ದಿಗೆ. ನ್ಯಾನೋಲೂಪ್, ಎಲ್‌ಎಸ್‌ಡಿಜೆ ತಂತ್ರಾಂಶವಿರುವ ಕಾರ್ಟ್ರಿಜ್ ಹಾಕಿದರೆ ಆಟದ ಬಟನ್‌ಗಳಿಂದಲೇ ಸ್ವರ ಜೋಡಿಸಬಹುದು.

ಮಾರ್ಪಾಡು ಏಕೆ? ಹೆಡ್‌ಫೋನ್ ಜಾಕ್‌ನಲ್ಲಿ ಗುಂಯ್ ಎನ್ನುವ ಸದ್ದು ಬೆರೆಯುತ್ತದೆ. 'ಪ್ರೊಸೌಂಡ್' ಮಾರ್ಪಾಡಿನಲ್ಲಿ ಆಂಪ್ಲಿಫೈಯರ್‌ಗಿಂತ ಮುಂಚೆಯೇ, ವಾಲ್ಯೂಮ್ ಚಕ್ರದ ಬಳಿ ತಂತಿ ಬೆಸೆದು ಸ್ವಚ್ಛ ಸದ್ದು ಪಡೆಯುತ್ತಾರೆ.

ನೆನಪಿಡಿ: ಹಲವು ಕಾರ್ಟ್ರಿಜ್‌ಗಳಲ್ಲಿ ಹಾಡು ಉಳಿಯುವುದು ಒಳಗಿನ ಪುಟ್ಟ ಬಟನ್ ಸೆಲ್‌ನಿಂದ. ಸೆಲ್ ಮುಗಿದರೆ ಹಾಡೂ ಅಳಿಸಿಹೋಗುತ್ತದೆ. ಮೊದಲು ಕಂಪ್ಯೂಟರ್‌ಗೆ ನಕಲು ಮಾಡಿ, ನಂತರವೇ ಸೆಲ್ ಬದಲಿಸಿ.