ವ್ಯಾಗನ್ ಮೈಮೇಲಿನ ಶಾಸನ: ಉಗಿಯುಗದ ಅಮೆರಿಕನ್ ಬಾಕ್ಸ್‌ಕಾರುಗಳ ಕಾಲನಿರ್ಣಯ

ಉಗಿ ಎಂಜಿನ್ ಕಾಲದ ಅಮೆರಿಕನ್ ಗೂಡ್ಸ್ ವ್ಯಾಗನ್ನಿನ ಫೋಟೋ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಕಂಪನಿಯ ದೊಡ್ಡ ಹೆಸರು. ಮಾದರಿ ರೈಲು ಕಟ್ಟುವವರಲ್ಲಿ ಹೆಚ್ಚಿನವರು ಓದುವುದೂ ಅಷ್ಟನ್ನೇ. ಈ ಟಿಪ್ಪಣಿ ಅದರ ಕೆಳಗೆ ಸ್ಟೆನ್ಸಿಲ್ ಇಟ್ಟು ಬಳಿದ ಮೂರು ನಾಲ್ಕು ಸಾಲುಗಳ ಸಣ್ಣಕ್ಷರವನ್ನು ಕುರಿತದ್ದು. ಒಂದು ಚಿತ್ರಕ್ಕೆ, ಅಥವಾ ಆ ಚಿತ್ರ ನೋಡಿ ಮಾಡಿದ ಮಾದರಿಗೆ, ಕಾಲ ಗೊತ್ತುಮಾಡುವಾಗ ಎಲ್ಲರೂ ವ್ಯಾಗನ್ ತಯಾರಾದ ವರ್ಷವನ್ನು ಹಿಡಿದು ಹೊರಡುತ್ತಾರೆ. ಹಿಡಿಯಬೇಕಾದದ್ದು ಮರುತೂಕದ ತಾರೀಕನ್ನು ಎಂಬುದು ನನ್ನ ವಾದ.

ಬಾಕ್ಸ್‌ಕಾರ್ ಎಂದರೆ ನಾಲ್ಕೂ ಕಡೆ ಗೋಡೆ, ಮೇಲೆ ಸೂರು, ನಡುವೆ ಜಾರುಬಾಗಿಲು ಇರುವ ವ್ಯಾಗನ್. ಸಾಮಾನ್ಯವಾಗಿ ನಲವತ್ತು ಅಡಿ ಉದ್ದ. ಬಾಗಿಲಿನ ಎಡಕ್ಕೆ ಕಂಪನಿಯ ಸಂಕೇತಾಕ್ಷರ ಮತ್ತು ವ್ಯಾಗನ್ ಸಂಖ್ಯೆ. ಅದರ ಕೆಳಗೆ ತೂಕದ ಮೂರು ಸಾಲು. ಬಲಕ್ಕೆ ಒಳ ಅಳತೆಗಳು. 1940ರ ದಶಕದ ಐವತ್ತು ಟನ್ನಿನ ಬಾಕ್ಸ್‌ಕಾರಿನ ತೂಕದ ಸಾಲುಗಳನ್ನು ಕನ್ನಡಕ್ಕೆ ತಂದರೆ ಹೆಚ್ಚುಕಡಿಮೆ ಹೀಗಿರುತ್ತವೆ: ಸಾಮರ್ಥ್ಯ 100000, ಹೊರೆ ಮಿತಿ 124200, ಖಾಲಿ ತೂಕ 44800. ಎಲ್ಲವೂ ಪೌಂಡುಗಳಲ್ಲಿ. ಕೊನೆಯ ಸಾಲಿನ ಪಕ್ಕದಲ್ಲಿ ‘ನ್ಯೂ 6-41’ ಎಂದಿದ್ದರೆ 1941ರ ಜೂನ್‌ನಲ್ಲಿ, ವ್ಯಾಗನ್ ಹೊಸದಿದ್ದಾಗ ತೂಗಿದ್ದು ಎಂದರ್ಥ.

ಈಗ ಎರಡನೆಯ ಮತ್ತು ಮೂರನೆಯ ಸಂಖ್ಯೆಗಳನ್ನು ಕೂಡಿಸಿ ನೋಡಿ. 169000 ಬರುತ್ತದೆ. ಈ ಮೊತ್ತ ಆಕಸ್ಮಿಕವಲ್ಲ. ಐದೂವರೆ ಇಂಚು ದಪ್ಪ, ಹತ್ತು ಇಂಚು ಉದ್ದದ ಅಚ್ಚುತುದಿಗಳಿರುವ ನಾಲ್ಕು ಅಚ್ಚುಗಳ ವ್ಯಾಗನ್ ಹಳಿಯ ಮೇಲೆ ಹೇರಬಹುದಾದ ಒಟ್ಟು ಭಾರ ಅದು, ಸುಮಾರು 76.7 ಮೆಟ್ರಿಕ್ ಟನ್. ನಲವತ್ತು ಟನ್ನಿನ ವ್ಯಾಗನ್ನಿಗೆ ಈ ಮೊತ್ತ 136000, ಎಪ್ಪತ್ತು ಟನ್ನಿನದಕ್ಕೆ 210000. ಅಂದರೆ ಹೊರೆ ಮಿತಿ ಸ್ವತಂತ್ರ ಸಂಖ್ಯೆಯಲ್ಲ. ಖಾಲಿ ತೂಕ ನೂರು ಪೌಂಡು ಇಳಿದರೆ ಅದು ನೂರು ಪೌಂಡು ಏರಲೇಬೇಕು. ಮಸುಕು ಚಿತ್ರದಲ್ಲಿ ಒಂದು ಸಾಲು ಅಳಿಸಿಹೋಗಿದ್ದರೂ ಇನ್ನೊಂದರಿಂದ ಅದನ್ನು ತುಂಬಿಕೊಳ್ಳಬಹುದು. ತ್ರುಟಿತ ಪದ್ಯದಲ್ಲಿ ಛಂದಸ್ಸಿನ ಲೆಕ್ಕ ಹಿಡಿದು ಬಿಟ್ಟುಹೋದ ಮಾತ್ರೆಗಳನ್ನು ಗುರುತಿಸುವ ಹಾಗೆ. ಒಂದು ಅಪವಾದವನ್ನು ಮಾತ್ರ ಮರೆಯಬಾರದು: ಹೊರೆ ಮಿತಿಯ ಮುಂದೆ ಪುಟ್ಟ ನಕ್ಷತ್ರ ಚಿಹ್ನೆ ಇದ್ದರೆ, ವ್ಯಾಗನ್ನಿನ ಕಟ್ಟಡವೇ ಅಷ್ಟು ಭಾರ ತಾಳದೆಂದು ಮಿತಿಯನ್ನು ಬೇಕೆಂದೇ ಇಳಿಸಿದ್ದಾರೆ ಎಂದು ತಿಳಿಯಬೇಕು. ಅಲ್ಲಿ ಕೂಡುವ ಲೆಕ್ಕ ನಡೆಯದು.

ಖಾಲಿ ತೂಕದ ಬಗ್ಗೆ ರೈಲ್ವೆಗಳಿಗೆ ಇಷ್ಟು ಕಾಳಜಿ ಏಕೆ? ದುಡ್ಡಿನ ವಿಷಯ. ಬಾಡಿಗೆ ತೂಕದ ಮೇಲೆ. ತುಂಬಿದ ವ್ಯಾಗನ್ನನ್ನು ಹಳಿಯ ವೇಬ್ರಿಜ್ ಮೇಲೆ ನಿಲ್ಲಿಸಿ, ಬಂದ ತೂಕದಿಂದ ಪಕ್ಕದಲ್ಲಿ ಬರೆದ ಖಾಲಿ ತೂಕ ಕಳೆದರೆ ಸರಕಿನ ತೂಕ ಸಿಗುತ್ತದೆ. ಆದರೆ ಖಾಲಿ ತೂಕ ಸ್ಥಿರವಾಗಿ ನಿಲ್ಲುವುದಿಲ್ಲ. ಹೊಸ ಮರ ಒಣಗುತ್ತ ಹಗುರವಾಗುತ್ತದೆ. ರಿಪೇರಿಯಲ್ಲಿ ಸೇರಿಸಿದ ಕಬ್ಬಿಣ ಭಾರ ಹೆಚ್ಚಿಸುತ್ತದೆ. ಸವೆದ ಚಕ್ರ ಇಳಿಸುತ್ತದೆ. ಆದ್ದರಿಂದ ಗೊತ್ತಾದ ಅವಧಿಗೊಮ್ಮೆ ವ್ಯಾಗನ್ನನ್ನು ಮತ್ತೆ ತೂಗಬೇಕೆಂಬ ನಿಯಮವಿತ್ತು. ತೂಗಿದ ವರ್ಕ್‌ಶಾಪಿನ ಕೆಲಸಗಾರ ಹಳೆಯ ಸಂಖ್ಯೆಗಳ ಮೇಲೆ ಬಣ್ಣ ಬಳಿದು, ಹೊಸ ಸಂಖ್ಯೆ ಬರೆದು, ‘ನ್ಯೂ’ ಇದ್ದ ಜಾಗದಲ್ಲಿ ತನ್ನ ವರ್ಕ್‌ಶಾಪಿನ ಸಂಕೇತವನ್ನೂ ತಿಂಗಳು-ವರ್ಷವನ್ನೂ ಹಾಕುತ್ತಿದ್ದ. ಮೇಲಿನ ವ್ಯಾಗನ್ 1944ರ ಮಾರ್ಚ್‌ನಲ್ಲಿ 44500 ತೂಗಿತು ಎಂದುಕೊಳ್ಳಿ. ಹೊರೆ ಮಿತಿ 124500 ಆಗುತ್ತದೆ, ತಾರೀಕು 3-44 ಆಗುತ್ತದೆ. ವರ್ಷಗಟ್ಟಲೆ ಕಲ್ಲಿದ್ದಲ ಹೊಗೆ ತಿಂದು ಕಪ್ಪಿಟ್ಟ ಮೈಮೇಲೆ ಆ ಹೊಸ ಬಣ್ಣದ ಚೌಕ ಒಂದು ತೇಪೆಯಂತೆ ಎದ್ದು ಕಾಣುತ್ತದೆ.

ಇಲ್ಲಿಂದ ಮುಂದೆ ಶಾಸನ ಓದಿದವರಿಗೆ ದಾರಿ ಪರಿಚಿತ. ಕಲ್ಲು ಹಳೆಯದಿರಬಹುದು, ಬರಹ ಆಮೇಲಿನದಿರಬಹುದು. ಒಂದೇ ಕಲ್ಲಿನ ಮೇಲೆ ಎರಡು ಕಾಲದ ಕೈ ಇರಬಹುದು. ಶಾಸನದ ಕಾಲವನ್ನು ಯಾರೂ ಕಲ್ಲಿನ ವಯಸ್ಸಿನಿಂದ ನಿರ್ಧರಿಸುವುದಿಲ್ಲ. ವ್ಯಾಗನ್ನಿನ ಮೇಲೂ ‘ಬಿಎಲ್‌ಟಿ’ ಎಂದು ತಯಾರಾದ ತಿಂಗಳು-ವರ್ಷ ಬರೆದಿರುತ್ತದೆ; ಅದು ಕಲ್ಲಿನ ವಯಸ್ಸು ಮಾತ್ರ. ಚಿತ್ರ ತೆಗೆದ ದಿನ ಮರುತೂಕದ ತಾರೀಕಿಗಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ, ತೀರ ಮುಂದಿನದೂ ಆಗಿರಲಾರದು. ಇದರ ಜೊತೆಗೆ ಇನ್ನೂ ಚಿಕ್ಕ ಎರಡು ಬರಹಗಳಿವೆ: ಅಚ್ಚಿನ ಪೆಟ್ಟಿಗೆಯಲ್ಲಿ ಎಣ್ಣೆ ನೆನೆದ ನೂಲುಚಿಂದಿ ಬದಲಿಸಿದ ತಾರೀಕು, ಏರ್‌ಬ್ರೇಕ್ ಬಿಚ್ಚಿ ಶುಚಿಮಾಡಿದ ತಾರೀಕು. ಕಾಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಲು ಇವು ನೆರವಾಗುತ್ತವೆ, ಓದಲು ಸಿಕ್ಕರೆ. ಸಿಗುವುದು ಅಪರೂಪ.

ಶಾಸನಗಳಲ್ಲಿ ಕೂಟಶಾಸನಗಳಿದ್ದಂತೆ ಮಾದರಿಗಳಲ್ಲೂ ಇವೆ. ನನ್ನ ಮೇಜಿನ ಮೇಲಿರುವ ಒಂದು ಬಾಕ್ಸ್‌ಕಾರನ್ನೇ ತೆಗೆದುಕೊಳ್ಳಿ. ತಯಾರಕರ ಹೆಸರು ಬೇಡ. ಬಣ್ಣ ಸೊಗಸು, ಅಕ್ಷರ ಚೂಪು, ಬೆಲೆ ಹೇಳುವಂತಿಲ್ಲ. ಭೂತಗನ್ನಡಿ ಹಿಡಿದು ಎರಡು ಸಾಲು ಕೂಡಿಸಿದೆ: 171300. ನಕ್ಷತ್ರವಿಲ್ಲ, ಇದ್ದರೂ ಮೊತ್ತ ಕಡಿಮೆಯಾಗಬೇಕಿತ್ತೇ ಹೊರತು ಹೆಚ್ಚಲ್ಲ. ತಯಾರಾದ ವರ್ಷ 1949 ಎಂದಿದೆ, ಅಡಿಯಲ್ಲಿ ನೋಡಿದರೆ ಹಳೆಯ ‘ಕೆ’ ಮಾದರಿಯ ಬ್ರೇಕ್. ಎರಡೆರಡು ಸುಳ್ಳು.

ಎರಡನೆಯದನ್ನು ಸುಳ್ಳು ಎನ್ನಲು ಕಾರಣವಿದೆ. ‘ಕೆ’ ಬ್ರೇಕಿನಲ್ಲಿ ಸಾಮಾನ್ಯವಾಗಿ ಗಾಳಿಯ ತೊಟ್ಟಿ, ಸಿಲಿಂಡರ್, ಕವಾಟ ಮೂರೂ ಒಂದಕ್ಕೊಂದು ಅಂಟಿದ ಒಂದೇ ಉಂಡೆಯಂತಿರುತ್ತವೆ. ಅದರ ಬದಲಿಗೆ ಬಂದ ‘ಎಬಿ’ ಬ್ರೇಕಿನಲ್ಲಿ ಮೂರೂ ಬೇರೆಬೇರೆಯಾಗಿ ತೂಗುತ್ತವೆ. 1933ರಿಂದ ಹೊಸ ವ್ಯಾಗನ್‌ಗಳಿಗೆ ‘ಎಬಿ’ ಕಡ್ಡಾಯವಾಯಿತು. ಹಳೆಯ ವ್ಯಾಗನ್‌ಗಳಿಗೆ ಮತ್ತೆಮತ್ತೆ ಗಡುವು ಕೊಟ್ಟು, 1953ರಲ್ಲಿ ‘ಕೆ’ ಬ್ರೇಕಿನವನ್ನು ಕಂಪನಿಯಿಂದ ಕಂಪನಿಗೆ ಹೋಗದಂತೆ ತಡೆದರು. ಹೀಗಾಗಿ ಈ ಇಪ್ಪತ್ತು ವರ್ಷಗಳಲ್ಲಿ ಎರಡೂ ಬಗೆಯವು ಒಂದೇ ಗಾಡಿಯಲ್ಲಿ ಓಡುತ್ತಿದ್ದವು. ಆದರೆ 1949ರಲ್ಲಿ ಹುಟ್ಟಿದ್ದಕ್ಕೆ ‘ಕೆ’ ಇರುವಂತಿಲ್ಲ. ಚಕ್ರಗಳನ್ನು ಹಿಡಿದಿರುವ ಚೌಕಟ್ಟಿನಲ್ಲೂ (ಅಲ್ಲಿಯವರು ಅದನ್ನು ಟ್ರಕ್ ಎನ್ನುತ್ತಾರೆ) ಇಂಥದೇ ಸಾಕ್ಷ್ಯವಿದೆ. ಪಟ್ಟಿಕಬ್ಬಿಣಗಳನ್ನು ಬೋಲ್ಟ್ ಹಾಕಿ ಬಿಗಿದ ‘ಆರ್ಚ್‌ಬಾರ್’ ಚೌಕಟ್ಟುಗಳ ಬೋಲ್ಟ್ ಸಡಿಲವಾಗಿ ಅಪಘಾತಗಳಾಗುತ್ತಿದ್ದವು. 1940ರ ದಶಕದ ಆರಂಭಕ್ಕೆ ಅವನ್ನೂ ಕಂಪನಿಗಳ ನಡುವಿನ ಓಡಾಟದಿಂದ ಹೊರಗಿಟ್ಟರು. 1950ರ ದೃಶ್ಯದಲ್ಲಿ ಪರಕಂಪನಿಯ ವ್ಯಾಗನ್ನಿನಡಿ ಆರ್ಚ್‌ಬಾರ್ ಕಂಡರೆ ಅನುಮಾನಿಸಬೇಕು.

ಮೈಯೇ ಬದಲಾದ ವ್ಯಾಗನ್‌ಗಳು ಹೆಚ್ಚು ಕುತೂಹಲದವು. ಮೊದಲ ಮಹಾಯುದ್ಧದ ವೇಳೆ, 1917ರ ಡಿಸೆಂಬರ್ ಕೊನೆಯಲ್ಲಿ, ಅಮೆರಿಕ ಸರ್ಕಾರ ಖಾಸಗಿ ರೈಲ್ವೆಗಳನ್ನು ತನ್ನ ಹತೋಟಿಗೆ ತೆಗೆದುಕೊಂಡು 1920ರ ಮಾರ್ಚ್ 1ರವರೆಗೆ ನಡೆಸಿತು. ಆ ಆಡಳಿತ ಕೆಲವೇ ನಕ್ಷೆಗಳಿಗೆ ಸುಮಾರು ಒಂದು ಲಕ್ಷ ವ್ಯಾಗನ್ ಮಾಡಿಸಿ ಕಂಪನಿಗಳಿಗೆ ಹಂಚಿತು. ಅವುಗಳಲ್ಲಿ ಮರದ ಗೋಡೆಯ ಬಾಕ್ಸ್‌ಕಾರುಗಳನ್ನು ಮುಂದೆ ಹಲವು ಕಂಪನಿಗಳು ಉಕ್ಕಿನ ಗೋಡೆ ತೊಡಿಸಿ ಹೊಸದಾಗಿ ಕಟ್ಟಿಕೊಂಡವು. ಹೊಸ ಗೋಡೆ ಹಳೆಯ ಅಡಿಚೌಕಟ್ಟಿಗಿಂತ ಹೊರಕ್ಕೆ ಬಂದದ್ದರಿಂದ ಗೋಡೆಯ ಕೆಳಗೆ ಒಂದು ಮೆಟ್ಟಿಲಿನಂಥ ಒಳಸರಿತ, ಅದನ್ನು ಹೊರುವ ಸಾಲು ಆಸರೆಗಳು ಕಾಣುತ್ತವೆ. ದೂರದಿಂದ ಅಪ್ಪಟ ಉಕ್ಕಿನ ವ್ಯಾಗನ್; ಹತ್ತಿರ ಹೋದರೆ 1918ರ ಅಸ್ಥಿಪಂಜರ. ಹಳೆಯ ದೇವಸ್ಥಾನದ ಅಧಿಷ್ಠಾನ ಉಳಿಸಿಕೊಂಡು ಮೇಲೆ ಹೊಸ ಗೋಡೆ ಎಬ್ಬಿಸಿದ್ದನ್ನು ಕಂಡವರಿಗೆ ಇದು ಹೊಸತಲ್ಲ.

ಬಣ್ಣದ ವ್ಯಾಗನ್‌ಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಬಿಯರ್, ಬೆಣ್ಣೆ, ಮಾಂಸದ ಕಂಪನಿಗಳ ಜಾಹೀರಾತು ಹೊತ್ತ ಐಸ್ ವ್ಯಾಗನ್‌ಗಳೆಂದರೆ ಮಾದರಿಕಾರರಿಗೆ ಪ್ರಾಣ. ಬಾಡಿಗೆ ವ್ಯಾಗನ್ನಿನ ಮೇಲೆ ಒಬ್ಬ ವ್ಯಾಪಾರಿಯ ಜಾಹೀರಾತು ಹಾಕುವುದು ಅವನಿಗೆ ಕೊಟ್ಟ ಗುಪ್ತ ರಿಯಾಯಿತಿಯೆಂದು ಅಂತರರಾಜ್ಯ ವಾಣಿಜ್ಯ ಆಯೋಗ 1934ರಲ್ಲಿ ತೀರ್ಮಾನಿಸಿತು. 1937ರ ಹೊತ್ತಿಗೆ ಅವು ಹಳಿಯಿಂದ ಮರೆಯಾದವು. 1952ರ ಡೀಸೆಲ್ ಎಂಜಿನ್ ಹಿಂದೆ ಅವನ್ನು ಸಾಲಾಗಿ ಜೋಡಿಸಿದರೆ ನೋಡಲು ಚೆನ್ನ, ಇತಿಹಾಸವಾಗಿ ತಪ್ಪು.

ಒಂಟಿ ವ್ಯಾಗನ್ನಿನ ಪಾಠ ಸರಿಪಡಿಸಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಒಂದು ಗಾಡಿಯಲ್ಲಿ ಯಾರ ವ್ಯಾಗನ್ ಎಷ್ಟು? ನಮಗೆ ಒಂದೇ ಭಾರತೀಯ ರೈಲ್ವೆಯ ಅಭ್ಯಾಸ. ಆ ಕಾಲದ ಅಮೆರಿಕದಲ್ಲಿ ನೂರಾರು ಕಂಪನಿಗಳು, ಇಪ್ಪತ್ತು ಲಕ್ಷಕ್ಕೂ ಹೆಚ್ಚು ವ್ಯಾಗನ್‌ಗಳು, ಯಾವುದು ಬೇಕಾದರೂ ಎಲ್ಲಿಗೆ ಬೇಕಾದರೂ ಹೋಗುತ್ತಿತ್ತು. 1902ರಿಂದ ಪರರ ವ್ಯಾಗನ್ನಿಗೆ ದಿನಬಾಡಿಗೆ ಕೊಡುವ ಪದ್ಧತಿ ಬಂತು. ನಡುರಾತ್ರಿ ಹನ್ನೆರಡಕ್ಕೆ ವ್ಯಾಗನ್ ಯಾರ ಹಳಿಯ ಮೇಲಿದೆಯೋ ಅವರ ಲೆಕ್ಕಕ್ಕೆ ಆ ದಿನದ ಬಾಡಿಗೆ. ಕತ್ತಲಾದ ಮೇಲೆ ಗಡಿಯ ಯಾರ್ಡುಗಳಲ್ಲಿ ವ್ಯಾಗನ್‌ಗಳನ್ನು ಪಕ್ಕದ ಕಂಪನಿಯ ಹಳಿಗೆ ದಾಟಿಸುವ ಅವಸರಕ್ಕೆ ಇದೇ ಮೂಲ. ಆದರೂ ನಮ್ಮ ಮಾದರಿಕಾರರು ಒಂದು ಕಂಪನಿಯನ್ನು ಆರಿಸಿಕೊಂಡರೆ ಗಾಡಿ ತುಂಬ ಅದರದೇ ವ್ಯಾಗನ್ ಪೋಣಿಸುತ್ತಾರೆ.

ಇದಕ್ಕೆ ಮದ್ದು ಜಾಕ್ ಡೆಲಾನೋ ತೆಗೆದ ಚಿತ್ರಗಳು. ಯುದ್ಧಕಾಲದ ಸರ್ಕಾರಿ ಛಾಯಾಗ್ರಾಹಕನಾಗಿ ಆತ 1942ರ ಕೊನೆಯಲ್ಲಿ ಶಿಕಾಗೋ ಬಳಿಯ ಪ್ರೊವಿಸೊ ಯಾರ್ಡನ್ನು ಕೊಡಾಕ್ರೋಮ್ ಬಣ್ಣದ ಫಿಲ್ಮಿನಲ್ಲಿ ಹಿಡಿದ. ಅವು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಯಾರು ಬೇಕಾದರೂ ನೋಡಬಹುದು. ಯಾರ್ಡು ಶಿಕಾಗೋ ಅಂಡ್ ನಾರ್ತ್ ವೆಸ್ಟರ್ನ್ ಕಂಪನಿಯದು. ನಿಂತ ವ್ಯಾಗನ್‌ಗಳು ದೇಶದ ಎಲ್ಲ ಮೂಲೆಯವು. ಬಾಕ್ಸ್‌ಕಾರ್ ಕೆಂಪು ಎಂದು ನಾವು ಒಂದೇ ಡಬ್ಬಿಯಿಂದ ಬಳಿಯುವ ಬಣ್ಣ ಅಲ್ಲಿ ಇಟ್ಟಿಗೆಯಿಂದ ಹಿಡಿದು ಕಾಫಿಪುಡಿಯವರೆಗೆ ಹತ್ತು ಛಾಯೆಗಳಲ್ಲಿದೆ, ಎಲ್ಲದರ ಮೇಲೂ ಮಸಿ. ಪೆನ್ಸಿಲ್ವೇನಿಯಾ ರೈಲ್‌ರೋಡ್ 1924ರಿಂದ ಒಂದು ದಶಕದಲ್ಲಿ ‘ಎಕ್ಸ್29’ ಎಂಬ ಒಂದೇ ವರ್ಗದ ಉಕ್ಕಿನ ಬಾಕ್ಸ್‌ಕಾರುಗಳನ್ನು ಮೂವತ್ತು ಸಾವಿರದ ಸಮೀಪ ಕಟ್ಟಿತು. ಆ ಕಂಪನಿಯ ಹಳಿ ಮುಟ್ಟದ ಊರಿನ ಮಾದರಿಯಲ್ಲೂ ಒಂದೆರಡು ಎಕ್ಸ್29 ಇಡುವುದು ಅದಕ್ಕೇ ಸರಿ. ಅಪರೂಪದ ವ್ಯಾಗನ್ ಸಂಗ್ರಹಿಸುವ ಚಪಲ ಇರುವವರಿಗೆ ಇದು ರುಚಿಸುವುದಿಲ್ಲ. ಮಾದರಿ ಜಗತ್ತಿನಲ್ಲಿ ವಿರಳವೇ ಸಾಮಾನ್ಯ, ಸಾಮಾನ್ಯವೇ ವಿರಳ ಆಗಿರುವುದಕ್ಕೆ ಈ ಚಪಲವೇ ಹೊಣೆ. ಯಾವ ಸಂಖ್ಯೆಯ ವ್ಯಾಗನ್ ಯಾವ ವರ್ಗದ್ದು, ಆ ವರ್ಷ ಎಷ್ಟು ಉಳಿದಿದ್ದವು ಎಂಬುದಕ್ಕೆ ಅಫಿಷಿಯಲ್ ರೈಲ್ವೆ ಇಕ್ವಿಪ್‌ಮೆಂಟ್ ರಿಜಿಸ್ಟರ್ ಎಂಬ ಕಾಲಿಕ ಪಟ್ಟಿ ಇದೆ. ಚಿತ್ರದ ವರ್ಷಕ್ಕೆ ಹೊಂದುವ ಸಂಚಿಕೆಯನ್ನೇ ತೆರೆಯಬೇಕು.

ಕೈಕೆಲಸದ ಮಾತು ಒಂದಿಷ್ಟು. ಎಚ್‌ಒ ಅಳತೆಯಲ್ಲಿ, ಅಂದರೆ 1:87ರಲ್ಲಿ, ಒಂದು ಅಡಿಗೆ ಮೂರೂವರೆ ಮಿಲಿಮೀಟರ್. ನಲವತ್ತು ಅಡಿಯ ವ್ಯಾಗನ್ ಹದಿನಾಲ್ಕು ಸೆಂಟಿಮೀಟರ್ ಆಗುತ್ತದೆ. ಮೂರು ಇಂಚಿನ ಅಕ್ಷರ ಒಂದು ಮಿಲಿಮೀಟರ್ ಕೂಡ ಆಗುವುದಿಲ್ಲ. ಅಷ್ಟು ಚಿಕ್ಕದನ್ನು ಯಾರು ಓದುತ್ತಾರೆ ಎಂಬ ತಕರಾರು ನ್ಯಾಯವೇ. ಆದರೆ ಮರುತೂಕದ ತೇಪೆಯನ್ನು ಓದಬೇಕಾಗಿಲ್ಲ, ಮೂರು ಅಡಿ ದೂರದಿಂದಲೇ ಕಾಣುತ್ತದೆ. ನಾನು ಮಾಡುವುದು ಇಷ್ಟು: ಮೊದಲು ಮೈಗೆಲ್ಲ ಮಸಿಬಣ್ಣ ಹಚ್ಚಿ ಒಣಗಿಸಿ, ತೂಕದ ಸಾಲುಗಳ ಮೇಲೆ ಮೂಲ ಬಣ್ಣದ ಸಣ್ಣ ಆಯತ ಬಳಿದು, ಅದರ ಮೇಲೆ ಹೊಸ ಸಂಖ್ಯೆಗಳ ಡೆಕಾಲ್ ಕೂರಿಸುವುದು. ಕೂಡಿಸಿ ನೋಡಿದ ಮೇಲೆ. ಹತ್ತು ವ್ಯಾಗನ್ನಿಗೆ ಹತ್ತು ಬೇರೆ ತಾರೀಕು, ಎಲ್ಲವೂ ನಾನು ಆರಿಸಿಕೊಂಡ 1948ರ ಒಳಗೆ.

ನಮ್ಮ ವ್ಯಾಗನ್‌ಗಳ ಮೇಲೂ ಬರಹವಿದೆ. ಯಾವ ನಿಲ್ದಾಣದಲ್ಲಾದರೂ ಗೂಡ್ಸ್ ಗಾಡಿ ನಿಂತಾಗ ನೋಡಿ: ಖಾಲಿ ತೂಕ, ಹೊರೆ, ವರ್ಕ್‌ಶಾಪಿನ ಸಂಕೇತ, ದೊಡ್ಡ ರಿಪೇರಿಯಾದ ತಾರೀಕು, ಮತ್ತೆ ಬರಬೇಕಾದ ತಾರೀಕು. ಮೀಟರ್‌ಗೇಜ್ ಕಾಲದ ಮೈಸೂರು ಕಡೆಯ ಗಾಡಿಗಳ ಹಳೆಯ ಚಿತ್ರಗಳು ಅನೇಕರ ಮನೆಯ ಆಲ್ಬಮ್‌ಗಳಲ್ಲಿ ಇದ್ದೇ ಇರುತ್ತವೆ. ಅಂಥವನ್ನು ಸ್ಕ್ಯಾನ್ ಮಾಡುವವರಲ್ಲಿ ಒಂದು ಕೋರಿಕೆ: ಎಂಜಿನ್ನನ್ನಷ್ಟೇ ಉಳಿಸಿ ಹಿಂದಿನ ವ್ಯಾಗನ್ ಕತ್ತರಿಸಬೇಡಿ. ಸ್ಕ್ಯಾನನ್ನು ಸಾಧ್ಯವಾದಷ್ಟು ದೊಡ್ಡದಾಗಿ ತೆಗೆಯಿರಿ, ತಾರೀಕು ಆ ಮೂಲೆಯಲ್ಲಿರುತ್ತದೆ.