ವ್ಯಕ್ತಿತ್ವವಾದದಲ್ಲಿ ನಾನು ಮತ್ತು ಇತರರು

ವ್ಯಕ್ತಿಯನ್ನು ಯಾವ ಗುರಿಗೂ ಬರಿಯ ಸಾಧನವಾಗಿಸಬಾರದು ಎಂಬ ನಿಲುವಿನ ತತ್ತ್ವಪಂಥ ವ್ಯಕ್ತಿತ್ವವಾದ. ಬಾಸ್ಟನ್ ವಿಶ್ವವಿದ್ಯಾಲಯದ ಬಾರ್ಡನ್ ಪಾರ್ಕರ್ ಬೌನ್ 1908ರಲ್ಲಿ ‘ಪರ್ಸನಲಿಸಂ’ ಎಂಬ ಗ್ರಂಥವನ್ನೇ ಹೊರತಂದಿದ್ದ. ಆದರೆ ಒಬ್ಬನಿಗೂ ಇನ್ನೊಬ್ಬನಿಗೂ ಇರುವ ನಂಟು ಪಂಥದ ಮುಖ್ಯ ಪ್ರಶ್ನೆಯಾಗಿ ಬೆಳೆದದ್ದು ಎರಡು ಮಹಾಯುದ್ಧಗಳ ನಡುವಿನ ಯುರೋಪಿನಲ್ಲಿ.

ತತ್ತ್ವಶಾಸ್ತ್ರದಲ್ಲಿ ಫ್ರೆಂಚ್ ಚಿಂತಕ ಡೆಕಾರ್ಟನಿಂದೀಚೆಗೆ ‘ನಾನು ಇದ್ದೇನೆ’ ಎನ್ನುವುದೊಂದೇ ಖಚಿತವಾಗಿತ್ತು. ಉಳಿದವರಿಗೂ ಮನಸ್ಸಿದೆ ಎಂಬುದನ್ನು ತರ್ಕದಿಂದ ಸಾಧಿಸಬೇಕಾಗಿತ್ತು. 1923ರಲ್ಲಿ ಯಹೂದಿ ಚಿಂತಕ ಮಾರ್ಟಿನ್ ಬೂಬರ್ ಈ ಕ್ರಮವನ್ನು ತಲೆಕೆಳಗು ಮಾಡಿದ: ‘ನೀನು’ ಎನ್ನುವಾಗಲೇ ‘ನಾನು’ ಹುಟ್ಟುತ್ತದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಫ್ರಾನ್ಸಿನ ಗೇಬ್ರಿಯಲ್ ಮಾರ್ಸೆಲ್ ಸ್ವತಂತ್ರವಾಗಿ ಅಲ್ಲಿಗೇ ತಲುಪಿದ್ದ. ಮೊದಲ ಮಹಾಯುದ್ಧದಲ್ಲಿ ರೆಡ್‌ಕ್ರಾಸ್ ಪರವಾಗಿ ಕಾಣೆಯಾದ ಸೈನಿಕರ ಸುಳಿವು ಹುಡುಕುವುದು ಅವನ ಕೆಲಸ. ಕೈಯಲ್ಲಿದ್ದುದು ವಿವರ ಗುರುತಿಸಿದ ಕಾರ್ಡು. ಎದುರಿಗೆ ಕೂತವರು ತಾಯಿ, ಹೆಂಡತಿ. ಕಡತದಲ್ಲಿ ‘ಅವನು’ ಆದವನು ಮನೆಯವರಿಗೆ ಎಂದೆಂದಿಗೂ ‘ನೀನು’. ಮಾರ್ಸೆಲನ ತತ್ತ್ವ ಪುಸ್ತಕಗಳಿಗಿಂತ ಈ ಮೇಜಿನ ಬಳಿಯೇ ಹೆಚ್ಚು ಕಲಿತಿದೆ ಎನ್ನಬಹುದು.

ಪಂಥಕ್ಕೆ ಸಾರ್ವಜನಿಕ ದನಿ ಕೊಟ್ಟವನು 1932ರಲ್ಲಿ ‘ಎಸ್ಪ್ರಿ’ ಪತ್ರಿಕೆ ಆರಂಭಿಸಿದ ಎಮಾನ್ಯುಯೆಲ್ ಮೂನ್ಯೆ. ಯುದ್ಧಕಾಲದ ಫ್ರಾನ್ಸಿನ ವಿಶಿ ಸರ್ಕಾರ ಅವನನ್ನು 1942ರಲ್ಲಿ ಸೆರೆಗೆ ತಳ್ಳಿತು. ಅಲ್ಲಿ ಆತ ಉಪವಾಸ ಹೂಡಿದ. ಅದಕ್ಕೂ ಮೊದಲೇ ಅವನ ಹಸುಗೂಸು ಮಗಳು ಮಿದುಳಿನ ಉರಿಯೂತಕ್ಕೆ ತುತ್ತಾಗಿ ಯಾವ ಪ್ರತಿಕ್ರಿಯೆಯನ್ನೂ ನಿರೀಕ್ಷಿಸಲಾಗದ ಸ್ಥಿತಿಗೆ ಬಂದಿದ್ದಳು. ಆ ತೊಟ್ಟಿಲ ಬಳಿ ಹೋಗುವುದನ್ನು ಪೂಜ್ಯಭಾವದಿಂದ ಬರೆದ ತಂದೆಗೆ, ಮರುಮಾತು ಬಂದರಷ್ಟೇ ಸಂಬಂಧ ಎಂಬ ವಾದ ಒಪ್ಪಿತವಾಗುವಂತಿರಲಿಲ್ಲ. ಇತರರ ನೋಟ ನನ್ನನ್ನು ವಸ್ತುವಾಗಿಸುತ್ತದೆ ಎಂದ ಅಸ್ತಿತ್ವವಾದಿ ಸಾರ್ತ್ರನಿಗೆ ಮೂನ್ಯೆ ಕೊಟ್ಟ ಉತ್ತರ ನೇರವಾದದ್ದು: ಹಾಗಾಗುವುದು ನೋಡುವವನು ತನ್ನೊಳಗೇ ಬಾಗಿಲು ಹಾಕಿಕೊಂಡಿದ್ದಾಗ ಮಾತ್ರ.

ಫ್ರಾನ್ಸಿನ ಇನ್ನೊಬ್ಬ ವ್ಯಕ್ತಿತ್ವವಾದಿ ಮಾರಿಸ್ ನೆದೊನ್ಸೆಲ್ 1942ರ ಗ್ರಂಥದಲ್ಲಿ ಪ್ರಜ್ಞೆಗಳ ಪರಸ್ಪರತೆಯನ್ನು ಪ್ರತಿಪಾದಿಸಿದ. ಸ್ಕಾಟ್ಲೆಂಡಿನ ಜಾನ್ ಮ್ಯಾಕ್‌ಮರೆಯಂತೂ ತಾಯಿ ಮತ್ತು ಮಗುವಿನಿಂದಲೇ ಶುರುಮಾಡಿದ: ಕೂಸಿನ ಅಳು ಇನ್ನೊಬ್ಬರಿಗೆ ಕೇಳಲೆಂದೇ ಇರುವಂಥದ್ದು, ಒಂಟಿ ಜೀವಿ ಎಂಬುದು ಕಲ್ಪನೆ.

ಇವರೆಲ್ಲರ ಕಣ್ಣು ಮುಖಾಮುಖಿ ಇಬ್ಬರ ಮೇಲೆಯೇ ಹೆಚ್ಚು ನೆಟ್ಟಿತ್ತು. ಹೆಸರೂ ಮುಖವೂ ಗೊತ್ತಿಲ್ಲದ ಮೂರನೆಯವನಿಗೆ ನಾನೇನು ಎಂಬ ಪ್ರಶ್ನೆಗೆ ಉತ್ತರ ತೆಳುವಾಗಿಯೇ ಉಳಿಯಿತು. ಇದನ್ನು ಗಂಭೀರವಾಗಿ ಎತ್ತಿಕೊಂಡವನು ‘ಎಸ್ಪ್ರಿ’ ಬಳಗದ ಪಾಲ್ ರಿಕರ್. ಅಂಚೆ, ಸಾಮಾಜಿಕ ಭದ್ರತೆಗಳಂಥ ಮುಖವಿಲ್ಲದ ಸೇವೆಗಳೂ ನೆರೆಯವನಿಗೆ ತೋರುವ ಪ್ರೀತಿಯೇ ಆಗಿರಬಲ್ಲವು ಎಂದು ಆತ 1950ರ ದಶಕದಲ್ಲೇ ವಾದಿಸಿದ. 1990ರ ಗ್ರಂಥದಲ್ಲಿ ಇತರರೊಡನೆ, ಇತರರಿಗಾಗಿ ಬಾಳುವ ಒಳ್ಳೆಯ ಬದುಕಿಗೆ ನ್ಯಾಯಯುತ ಸಂಸ್ಥೆಗಳನ್ನೂ ಸೇರಿಸಿದ.